ನೀರು ಬೆರೆಸದ ಬಟ್ಟಲು

ಲೋಕ್ರಿ
ದ್ರಾಕ್ಷಿ ಕೊಯ್ಲಿನ ತಿಂಗಳು, ಶುಕ್ಲ ಪಕ್ಷದ ಐದನೆಯ ದಿನ

ನನ್ನ ಮುದ್ದಿನ ಅಕ್ಕ ಥೆಯಾನೋಗೆ,

ಮದುವೆಯಾಗಿ ಇಪ್ಪತ್ತೊಂದು ದಿನ! ನಂಬುತ್ತೀಯಾ? ನಾನಂತೂ ಇನ್ನೂ ನಂಬಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಪಕ್ಕದಲ್ಲಿ ಮಲಗಿರುವ ಮೆನೋನ್‌ನ ಕಿವಿಯನ್ನು ಮೆಲ್ಲಗೆ ಎಳೆದು ನೋಡುತ್ತೇನೆ, ಇದು ನಿಜವಾದ ಕಿವಿಯೇ ಎಂದು. ಆ ಕಿವಿಯ ಹಿಂದೆ ಯಾವಾಗಲೂ ಒಂದಿಷ್ಟು ಜೇಡಿಮಣ್ಣು ಅಂಟಿರುತ್ತದೆ. ಈ ಊರಿನಲ್ಲಿ ಮದುವೆಯಾಗುವ ಪ್ರತಿ ಹುಡುಗಿಯೂ ಪರ್ಸೆಫೊನೆ ದೇವಿಯ ಗುಡಿಗೆ ಒಂದು ಮಣ್ಣಿನ ಚಿತ್ರಫಲಕ ಅರ್ಪಿಸಬೇಕು. ಆ ಫಲಕಗಳೆಲ್ಲ ಬೇಯುವುದು ನನ್ನ ಗಂಡನ ಆವಿಗೆಯಲ್ಲೇ. ನನ್ನದು ಮಾತ್ರ ಇನ್ನೂ ಆಗಿಲ್ಲ. "ಊರಿನ ಮದುಮಕ್ಕಳಿಗೆಲ್ಲ ಮಾಡ್ಕೊಡ್ತೀಯ, ನಂದೆಲ್ಲಿ?" ಎಂದು ಕೇಳಿದರೆ, "ಕುಂಬಾರನ ಮನೇಲಿ ಒಡಕು ಮಡಕೇನೇ ಗತಿ ಕಣೇ" ಎಂದು ನಗುತ್ತಾನೆ. ನಕ್ಕಾಗ ಎಡಗೆನ್ನೆಯಲ್ಲಿ ಒಂದೇ ಒಂದು ಗುಳಿ! ಇನ್ನೊಂದು ಎಲ್ಲಿ ಹೋಯಿತೋ, ಹುಡುಕುತ್ತಿದ್ದೇನೆ.

ಆದರೆ ಅಕ್ಕಾ, ಈ ಊರಿನ ಕಾನೂನುಗಳು! ನನ್ನನ್ನು ಬಿಡಲು ಬಂದ ಅಣ್ಣ ದಡದಲ್ಲಿ ಕಾಲಿಟ್ಟವನೇ, ತಾರಾಸ್‌ನಲ್ಲಿ ನಾವೆಲ್ಲ ಕೇಳುವ ಹಾಗೆ, "ಏನಪ್ಪಾ ಹೊಸ ಸುದ್ದಿ?" ಎಂದುಬಿಟ್ಟ. ಅಷ್ಟಕ್ಕೇ ಅಧಿಕಾರಿ ಬಂದು ದಂಡ ಹಾಕಿದ. ಇಲ್ಲಿ ಹೊಸದೇನು ಎಂದು ಕೇಳುವುದೇ ಅಪರಾಧವಂತೆ! ಅಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ. ನಾನು ಮುಸುಕಿನೊಳಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬಂದು, ಮದುಮಗಳು ತವರು ನೆನೆದು ಅಳುತ್ತಿದ್ದಾಳೆ ಎಂದು ಎಲ್ಲರೂ ಮರುಗಿದರು.

ಇನ್ನು ಬಂಗಾರ. ಇಲ್ಲಿ ಬಂಗಾರ ತೊಟ್ಟು ಬೀದಿಗೆ ಬರಲು ಬೆಲೆವೆಣ್ಣುಗಳಿಗೆ ಮಾತ್ರ ಅಪ್ಪಣೆ. ಬಂದ ದಿನವೇ ಅತ್ತೆ ನನ್ನ ಎದುರು ನಿಂತು, ಅಮ್ಮ ಕೊಟ್ಟ ಜೇನುಹುಳದ ಓಲೆಗಳನ್ನು ತಮ್ಮ ಕೈಯಾರೆ ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಮ್ಮ ಸತ್ತ ಮೇಲೆ ಅವನ್ನು ನಾನು ಒಂದು ದಿನವೂ ತೆಗೆದಿರಲಿಲ್ಲ, ನಿನಗೆ ಗೊತ್ತು.

ಅತ್ತೆಯ ಹೆಸರು ಕ್ಲೀಟಾ. ಮುಖ ನೋಡಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ, ನೇರ, ಬಿಳಿ, ನಗುವಿಲ್ಲ. ಸಂತೆ ಚೌಕದ ಮೂಲೆಯಲ್ಲಿರುವ ಯೂನೋಮಿಯಾಳ ಗುಡಿಗೆ ಅವರೇ ಪೂಜಾರಿಣಿ. ಯೂನೋಮಿಯಾ, ಸುವ್ಯವಸ್ಥೆಯ ದೇವಿ! ನಮ್ಮೂರಿನಲ್ಲಿ ಅವಳ ಅಕ್ಕತಂಗಿಯರ ಹೆಸರು ಕೇಳಿದ್ದೆವು, ನ್ಯಾಯದವಳು, ಶಾಂತಿಯವಳು. ಇವಳನ್ನು ಯಾರು ಕೇಳಿದ್ದರು? ಮೊಣಕಾಲೆತ್ತರದ ಮರದ ಗೊಂಬೆ. ಉತ್ಸವವಿಲ್ಲ, ಬಲಿಯಿಲ್ಲ. ದಿನಾ ಬೆಳಿಗ್ಗೆ ನಾನು ಅಂಗಳ ಗುಡಿಸಬೇಕು, ಅಷ್ಟೇ. "ಇವಳಿಗೆ ಬೇರೇನೂ ಬೇಡ್ವಾ ಅತ್ತೆ?" ಎಂದೆ.

"ದೊಡ್ ದೇವ್ರಿಗೆ ಎತ್ತು ಕಡೀಬೇಕು. ಇವ್ಳಿಗೆ ಕಸ ಗುಡಿಸಿದ್ರೆ ಸಾಕು. ಮೂಲೇಲಿ ಬಿಟ್ಟಿದೀಯ ನೋಡು."

ನನಗೆ ಒಂದು ಅಡ್ಡಹೆಸರೂ ಇಟ್ಟಿದ್ದಾರೆ, ಜೀರುಂಡೆ. ಗಡಿಯ ಹೊಳೆಯ ಆಚೆ ದಡದ ಜೀರುಂಡೆಗಳು ಮೂಕವಂತೆ, ಈಚೆ ದಡದವು ಮಾತ್ರ ಹಾಡುತ್ತವಂತೆ. "ಈ ಜೀರುಂಡೇನ ಆಚೆ ದಡಕ್ಕೇ ಕೊಡಬೇಕಿತ್ತು, ಸ್ವಲ್ಪ ತಣ್ಣಗಿರೋದು" ಎಂದು ನೀರು ಸೇದುವ ಹೆಂಗಸರ ಮುಂದೆಯೇ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ಚುಚ್ಚಿತು.

ಹೋಗಲಿ! ನಾನು ಎಷ್ಟು ಸುಖವಾಗಿದ್ದೇನೆ ಎಂದರೆ, ಈ ಮೇಣದ ಹಲಗೆಯಲ್ಲಿ ಜಾಗವೇ ಸಾಲುತ್ತಿಲ್ಲ.

ನಿನ್ನ ಫಿಲಿನ್ನಾ

*

ತಾರಾಸ್
ಅದೇ ತಿಂಗಳು, ಕೃಷ್ಣ ಪಕ್ಷದ ಮೂರನೆಯ ದಿನ

ಫಿಲಿನ್ನಾ, ಪುಟ್ಟೀ,

ನಿನ್ನ ಪತ್ರ ಬಂದ ದಿನ ಈ ಮನೆಯಲ್ಲಿ ಹಬ್ಬ. ನಿನ್ನ ಭಾವ ಅದನ್ನು ಊಟಕ್ಕೆ ಬಂದ ಗೆಳೆಯರಿಗೆ ಓದಿ ಹೇಳಿದರು. ಅಣ್ಣನ ದಂಡದ ಕಥೆಗೆ ಗಂಡಸರು ನಕ್ಕ ಸದ್ದು ಹಿತ್ತಲಿನವರೆಗೂ ಕೇಳಿತು. "ನಿನ್ನ ತಂಗಿ ಇನ್ನೊಂದು ಪತ್ರ ಯಾವಾಗ ಹಾಕ್ತಾಳೆ?" ಎಂದು ಭಾವ ಎರಡು ಸಲ ಕೇಳಿದರು.

ಅತ್ತೆಯ ಎದುರು ಮಾತು ಕಡಿಮೆ ಮಾಡು. ಅಪ್ಪ ನಮಗಿಬ್ಬರಿಗೂ ಓದುಬರಹ ಕಲಿಸಿದ್ದು ಒಳ್ಳೆಯದೇ ಆಯಿತು, ನಾಲಿಗೆ ಕಟ್ಟುವುದನ್ನು ಕಲಿಸಲು ಮರೆತರು. ಓಲೆಗಳ ಬಗ್ಗೆ ಅಳಬೇಡ. ಕೆಲವು ಅತ್ತೆಯರು ಕೀಲಿಕೈಯಿಂದಲೇ ಮಾತಾಡುತ್ತಾರೆ.

ಈ ಹಡಗಿನಲ್ಲಿ ನಮ್ಮ ತೋಟದ ಎರಡು ಜಾಡಿ ಮದ್ಯ ಕಳಿಸಿದ್ದೇನೆ, ಅಮ್ಮ ನಮಗೆ ಜ್ವರ ಬಂದಾಗ ಕೊಡುತ್ತಿದ್ದ ಅದೇ ಕಪ್ಪು ಮದ್ಯ. ಚಳಿಗಾಲಕ್ಕೆ ಇಟ್ಟುಕೋ.

ನಾನು ಚೆನ್ನಾಗಿದ್ದೇನೆ.

ಥೆಯಾನೋ

*

ಲೋಕ್ರಿ
ಆಲಿವ್ ಬಡಿಯುವ ತಿಂಗಳು, ಶುಕ್ಲ ಪಕ್ಷದ ಎರಡನೆಯ ದಿನ

ಅಕ್ಕಾ,

ಮದ್ಯ ಬಂತು! ಬಿರಡೆ ತೆಗೆದು ಮೂಸಿದೆ, ನಮ್ಮ ಹಿತ್ತಲೇ ಮೂಗಿಗೆ ಬಂತು. ಅತ್ತೆ ಮಾತ್ರ ಜಾಡಿಗಳನ್ನು ನೋಡಿ, "ಒಂದಕ್ಕೆ ಮೂರು ನೀರು. ನೆನಪಿರಲಿ" ಎಂದರು. ನೀರಿಲ್ಲದ ಮದ್ಯ ಇಲ್ಲಿ ಕಾನೂನಿಗೆ ವಿರುದ್ಧವಂತೆ, ವೈದ್ಯ ಹೇಳಿದರೆ ಮಾತ್ರ ಸರಿಯಂತೆ. ಕುಡುಕರ ಕಾಟ ಹೆಚ್ಚಿರಬೇಕು, ಪಾಪ.

ಈ ವಾರ ನನ್ನ ಕೈಯೆಲ್ಲ ಬೊಬ್ಬೆ. ಯಾಕೆ ಗೊತ್ತೇ? ಹಗ್ಗ ಹೊಸೆದೆ! ಯೂನೋಮಿಯಾಳ ಗೋಡೆಯಲ್ಲಿ ಒಂದು ಹಗ್ಗ ತೂಗಿರುತ್ತದೆ. ಈ ಊರಿನಲ್ಲಿ ಯಾರಾದರೂ ಇರುವ ಕಾನೂನನ್ನು ಬದಲಿಸಬೇಕು ಎಂದು ಸಭೆಯಲ್ಲಿ ಕೇಳುವುದಾದರೆ, ಆ ಹಗ್ಗವನ್ನು ಕುತ್ತಿಗೆಗೆ ಹಾಕಿಕೊಂಡು ನಿಂತು ಕೇಳಬೇಕು. ಹೆಚ್ಚು ಕೈಗಳು ಎದ್ದರೆ ಹಗ್ಗ ಬಿಚ್ಚುತ್ತಾರೆ. ಏಳದಿದ್ದರೆ ಅಲ್ಲೇ ಬಿಗಿಯುತ್ತಾರೆ. ನೂರು ವರ್ಷದಿಂದ ಯಾರೂ ಅದನ್ನು ಮುಟ್ಟಿಲ್ಲವಂತೆ. ಮುಟ್ಟಲು ಹುಚ್ಚೇ? ಆದರೂ ವರ್ಷವರ್ಷ ಹೊಸ ಹಗ್ಗ ಹೊಸೆದು ತೂಗುಹಾಕುವುದು ಅತ್ತೆಯ ಕೆಲಸ, ಈ ವರ್ಷದಿಂದ ನನ್ನದೂ.

ನಾನು ಹೊಸೆದದ್ದನ್ನು ಅವರು ತಮ್ಮ ಕುತ್ತಿಗೆಗೆ ಒತ್ತಿ ನೋಡಿ, ಒರಟಾದ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆದರು.

"ಯಾರೂ ಹಾಕ್ಕೊಳ್ಳದ ಹಗ್ಗಕ್ಕೆ ಇಷ್ಟು ನಾಜೂಕು ಯಾಕೆ ಅತ್ತೆ?"

"ಹಾಕ್ಕೊಳ್ಳೋನು ಬಂದ್ರೆ ಧೈರ್ಯವಂತ ಆಗಿರ್ತಾನೆ ಕಣೇ. ಅವನ ಕುತ್ತಿಗೆ ಗೀರಬಾರದು."

ಎಂಥ ವಿಚಿತ್ರ ಮುದುಕಿ! ಮೆನೋನ್‌ಗೆ ಹೇಳಿದರೆ, "ಅಮ್ಮ ಹಾಗೇ" ಎಂದು ನನ್ನ ಬೊಬ್ಬೆಗಳಿಗೆ ಎಣ್ಣೆ ಹಚ್ಚಿದ. ಒಂದೊಂದಕ್ಕೂ ಒಂದೊಂದು ಮುತ್ತು! ಒಟ್ಟು ಏಳು.

ಫಿಲಿನ್ನಾ

*

ಲೋಕ್ರಿ
ಅದೇ ತಿಂಗಳು, ಕೃಷ್ಣ ಪಕ್ಷದ ನಾಲ್ಕನೆಯ ದಿನ

ಅಕ್ಕಾ ಅಕ್ಕಾ ಅಕ್ಕಾ,

ನಾನು ಒಬ್ಬರ ಜೀವ ಉಳಿಸಿದೆ! ಹೌದು, ನಿನ್ನ ಜೀರುಂಡೆ ತಂಗಿಯೇ!

ಅತ್ತೆಗೆ ಒಂಬತ್ತು ದಿನ ಜ್ವರ. ಐದನೆಯ ದಿನ ಮಾತು ನಿಂತಿತು. ಏಳನೆಯ ದಿನ ಬೆರಳ ತುದಿ ನೀಲಿಯಾಯಿತು. ಊರಿನ ವೈದ್ಯ ಹೊಳೆಯಾಚೆ ಯಾರದೋ ಕಾಲು ಕೂಡಿಸಲು ಹೋಗಿದ್ದ. ಅವನನ್ನು ಕರೆತರಲೆಂದು ಮೆನೋನ್ ಹೇಸರಗತ್ತೆ ಹತ್ತಿ ಹೋದ. ಮನೆಯಲ್ಲಿ ನಾನು, ಅತ್ತೆ, ಒಬ್ಬ ಕಿವುಡಿ ಆಳು. ಅಮ್ಮ ಹೀಗೇ ತಣ್ಣಗಾಗಿದ್ದು ನೆನಪಾಯಿತು. ನನಗೆ ತಡೆಯಲಾಗಲಿಲ್ಲ. ನೀನು ಕಳಿಸಿದ ಜಾಡಿಯಿಂದ ಒಂದು ಬಟ್ಟಲು ತುಂಬಿದೆ. ಒಂದು ಹನಿ ನೀರೂ ಬೆರೆಸದೆ, ನಮ್ಮೂರಿನ ಬಿಸಿಲನ್ನೇ ಬಟ್ಟಲಿಗೆ ಸುರಿದು ತುಟಿಗೆ ಹಿಡಿದೆ!

ಮೊದಲ ಗುಟುಕಿಗೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡು ಬಟ್ಟಲನ್ನು ಖಾಲಿ ಮಾಡಿದರು! ಒಳಗೊಳಗೇ ಇಷ್ಟವಿರಬೇಕು ಮುದುಕಿಗೆ, ನನ್ನ ಕಳ್ಳ ಅತ್ತೆ! ಮೂರು ಬೆಳಿಗ್ಗೆ ಮೂರು ಬಟ್ಟಲು. ಮೂರನೆಯ ದಿನ ಬೆವರಿ ಎದ್ದು ಕೂತು, "ಗುಡಿ ಗುಡಿಸಿದ್ಯೇನೇ?" ಎಂದರು. ವೈದ್ಯ ಬರುವ ಹೊತ್ತಿಗೆ ಗಂಜಿ ಕುಡಿಯುತ್ತಿದ್ದರು.

ಇಲ್ಲಿ ಯಾರಿಗೂ ಹೇಳಿಲ್ಲ, ಮೆನೋನ್‌ಗೂ. ಆ ಕುಡುಕರ ಕಾನೂನು ನೆನಪಾಗಿ ಸುಮ್ಮನಾದೆ, ಸುಮ್ಮನೆ ದಂಡ ಯಾಕೆ ಎಂದು. ಆದರೆ ಇಂಥದ್ದನ್ನು ನಿನಗೂ ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ!

ಫಿಲಿನ್ನಾ

*

ತಾರಾಸ್
ಬಿತ್ತನೆಯ ತಿಂಗಳು, ಶುಕ್ಲ ಪಕ್ಷದ ಮೊದಲ ದಿನ

ಪುಟ್ಟೀ,

ಶಭಾಷ್. ಅಮ್ಮ ಇದ್ದಿದ್ದರೆ ನಿನ್ನ ಹಣೆಗೆ ಮುತ್ತಿಡುತ್ತಿದ್ದಳು. ನಿನ್ನನ್ನು ತಂಗಿ ಎಂದು ಹೇಳಿಕೊಳ್ಳಲು ನನಗೆ ಇಂದು ಎಷ್ಟು ಹೆಮ್ಮೆಯಾಯಿತೋ ಹೇಳಲಾರೆ.

ಈ ಪತ್ರವನ್ನು ನಿಮ್ಮೂರಿನವನೇ ಆದ ಎಣ್ಣೆ ವ್ಯಾಪಾರಿ ಲೂಕೋನ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನೆ ನಮ್ಮಲ್ಲಿ ಉಂಡ. ಒಳ್ಳೆಯ ಮನುಷ್ಯ, ನಗುವವನು. ಚಳಿಗಾಲಕ್ಕೆ ಹಡಗುಗಳು ನಿಂತು ಸಮುದ್ರ ಮುಚ್ಚುವ ಮೊದಲು ಇನ್ನೊಂದು ಸಲ ಬರೆ.

ಥೆಯಾನೋ

*

ಲೋಕ್ರಿ
ಬಿತ್ತನೆಯ ತಿಂಗಳು, ಶುಕ್ಲ ಪಕ್ಷದ ಎಂಟನೆಯ ದಿನ

ಅಕ್ಕಾ,

ಬೇಗ ಬರೆಯುತ್ತಿದ್ದೇನೆ. ಹಡಗು ಹೊರಡುತ್ತಿದೆ.

ನಿನ್ನೆ ಸಾವಿರ ಜನರ ಸಭೆಯಿಂದ ಇಬ್ಬರು ಬಂದು ಅತ್ತೆಗೆ ವಿಚಾರಣೆಯ ಕರೆ ಕೊಟ್ಟು ಹೋದರು. ಕ್ಲೀಟಾ ನೀರಿಲ್ಲದ ಮದ್ಯ ಕುಡಿದು ಬದುಕಿಕೊಂಡಳೆಂದು ಊರೆಲ್ಲ ಗೊತ್ತಾಗಿದೆಯಂತೆ. ನಾನು ದಂಡ ಎಂದುಕೊಂಡೆ. ನಗುತ್ತಲೇ, "ಎಷ್ಟಂತೆ?" ಎಂದೆ. ಮೆನೋನ್ ನನ್ನ ಮುಖ ನೋಡಿ ನೆಲಕ್ಕೆ ಕುಸಿದು ಕುಳಿತ.

ಅದು ಕುಡುಕರ ಕಾನೂನಲ್ಲ ಅಕ್ಕಾ. ರೋಗಿ ವೈದ್ಯನ ಮಾತಿಲ್ಲದೆ ನೀರಿಲ್ಲದ ಮದ್ಯವನ್ನು ತಾನೇ ಕೇಳಿ ಕುಡಿದಿದ್ದರೆ, ಬದುಕಿಕೊಂಡರೂ ರೋಗಿಗೆ ಮರಣ. ಕೇಳದೆ ಯಾರಾದರೂ ಕುಡಿಸಿದ್ದರೆ, ಕುಡಿಸಿದವರಿಗೆ ಮರಣ. ಅತ್ತೆ ಕೇಳಿರಲಿಲ್ಲ. ಮಾತೇ ನಿಂತಿತ್ತಲ್ಲ, ಕೇಳುವುದೆಲ್ಲಿಂದ?

ಮೆನೋನ್ ಎಲ್ಲವನ್ನೂ ಕೇಳಿಸಿಕೊಂಡು ಎದ್ದ. ಹುಣ್ಣಿಮೆಯ ದಿನ ಮಹಾಸಭೆ. ಅಂದು ಗುಡಿಯ ಹಗ್ಗ ಹಾಕಿಕೊಂಡು ನಿಲ್ಲುತ್ತಾನಂತೆ. ಜ್ವರದವರಿಗೆ ಪ್ರೀತಿಯಿಂದ ಕೊಟ್ಟದ್ದು ಅಪರಾಧವಲ್ಲ ಎಂದು ಕಾನೂನು ಬದಲಿಸಲು ಕೇಳುತ್ತಾನಂತೆ. "ಕೈ ಏಳ್ತಾವಾ?" ಎಂದೆ. "ನೂರು ವರ್ಷದಿಂದ ಎದ್ದಿಲ್ಲ" ಎಂದ. ನಾನು ಹೊಸೆದ ಹಗ್ಗ ಅದು. ನನ್ನ ಕೈಯ ಬೊಬ್ಬೆಗಳ ಕಲೆ ಇನ್ನೂ ಮಾಸಿಲ್ಲ.

ಅತ್ತೆ ಸಂಜೆ ಗುಡಿಯ ಬಾಗಿಲು ಹಾಕಿಕೊಂಡು ಬಂದು ಬಟಾಣಿ ಸುಲಿಯುತ್ತಾ ಕೂತರು.

ಯಾರು ಹೇಳಿದರೋ ತಿಳಿಯದು. ಮೆನೋನ್ ಕೇಳಿದಾಗ, ಬಾವಿಕಟ್ಟೆಯಲ್ಲಿ ನಾನೇ ಬಾಯಿಬಿಟ್ಟಿರಬೇಕು ಎಂದೆ. ನನ್ನ ಬಾಯಿ ಅಂಥದ್ದೇ ಅಲ್ಲವೇ? ಅಕ್ಕಾ, ನನ್ನ ಪತ್ರವನ್ನು ನೀನು ಯಾರಿಗಾದರೂ ತೋರಿಸಿದೆಯಾ? ಇಲ್ಲ ಎಂದು ಒಂದೇ ಸಾಲು ಬರೆ. ಸಾಕು.

ಫಿ.

*

ತಾರಾಸ್
ಬಿತ್ತನೆಯ ತಿಂಗಳು, ಶುಕ್ಲ ಪಕ್ಷದ ಹನ್ನೊಂದನೆಯ ದಿನ

ಫಿಲಿನ್ನಾ,

ಇಲ್ಲ. ಯಾರಿಗೂ ತೋರಿಸಿಲ್ಲ. ನಿನ್ನ ಪತ್ರ ನನ್ನ ಪೆಟ್ಟಿಗೆಯಲ್ಲೇ ಇದೆ.

ಇದು ಈ ವರ್ಷದ ಕೊನೆಯ ಹಡಗು. ದೇವರು ನಿಮ್ಮನ್ನು ಕಾಯಲಿ.

ಥೆಯಾನೋ

*

ಲೋಕ್ರಿ
ಕಡಲು ತೆರೆಯುವ ತಿಂಗಳು, ಶುಕ್ಲ ಪಕ್ಷದ ಆರನೆಯ ದಿನ

ಅಕ್ಕಾ,

ನಾಲ್ಕು ತಿಂಗಳು ಕಡಲು ಮುಚ್ಚಿತ್ತು. ನಿನ್ನ ಕೊನೆಯ ಸಾಲುಗಳು ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಕೈಸೇರಿದ್ದವು. ನಿಶ್ಚಿಂತೆಯಾಯಿತು.

ಅದೇ ದಿನ ಮಧ್ಯಾಹ್ನ ಅತ್ತೆ ಬೂದು ಬಣ್ಣದ ತಮ್ಮ ಹಳೆಯ ಮೇಲುಡುಪು ಹೊದ್ದು, "ಬಾ, ಗುಡಿಸೋದಿದೆ" ಎಂದು ನನ್ನನ್ನು ಕರೆದರು. ಗುಡಿಗೆ ಹೋಗಲಿಲ್ಲ. ನೇರ ಸಭಾಭವನಕ್ಕೆ ನಡೆದರು. ವಿಚಾರಣೆಗೆ ಇನ್ನೂ ಮೂರು ದಿನ ಇತ್ತು. ಅಲ್ಲಿದ್ದ ಅಧಿಕಾರಿ ಗಾಬರಿಯಾಗಿ ಎದ್ದು ನಿಂತ. ಅವನು ಚಿಕ್ಕವನಿದ್ದಾಗ ಇವರೇ ಅವನ ಕಿವಿ ಹಿಂಡಿದವರಂತೆ.

"ನನ್ ವಿಚಾರಣೆ ಇವತ್ತೇ ಆಗ್ಲಿ ಕಣಪ್ಪ. ನಾಳೆ ನನ್ ಮಗ ಒಂದು ಹುಚ್ಚು ಕೆಲ್ಸ ಮಾಡೋನಿದ್ದಾನೆ."

"ಅಮ್ಮಾ, ಸಾಕ್ಷಿ..."

"ಸಾಕ್ಷಿ ಕರ್ಸು. ಕಾಯ್ತೀನಿ."

ಕರೆಸಿದರು. ಒಬ್ಬ ಸಾಕ್ಷಿ ಬಂದು ತನಗೆ ಗೊತ್ತಿದ್ದದ್ದನ್ನು ಹೇಳಿದ. ಆಮೇಲೆ ಅಧಿಕಾರಿ ಕೇಳಿದ, "ಬಟ್ಟಲು ನೀವು ಕೇಳಿದ್ರಾ, ಸೊಸೆ ತಾನಾಗಿ ಕುಡಿಸಿದ್ಳಾ?"

ಅಕ್ಕಾ, ಆ ಭವನದಲ್ಲಿ ಯೂನೋಮಿಯಾಳದೇ ಇನ್ನೊಂದು ಮೂರ್ತಿ ಇದೆ. ಅತ್ತೆ ಅದರ ಪಾದದ ಮೇಲೆ ಕೈ ಇಟ್ಟರು. ಮೂವತ್ತು ವರ್ಷ ಪೂಜಾರಿಣಿಯಾಗಿ, ಕಾಳಿನಷ್ಟೂ ಸುಳ್ಳು ಹೇಳಿದವರಲ್ಲ ಎಂದು ಊರೇ ಹೇಳುತ್ತದೆ. ಮೀನು ಮಾರುವವರು ಜಗಳವಾದರೆ ಇವರನ್ನು ಕರೆದು ತೂಕ ಕೇಳುತ್ತಿದ್ದರು.

"ನಾನೇ ಕೇಳ್ದೆ. ನೀರು ಬೇಡ ಅಂದೆ. ಹುಡುಗಿ ಹೊಸಬಳು, ನಮ್ ಕಾನೂನು ಗೊತ್ತಿಲ್ಲ. ಅತ್ತೆ ಹೇಳಿದ್ ಮಾತು ಮಾಡಿದ್ಳು."

ನಾನು ಬಾಯಿ ತೆರೆದೆ. ಇಲ್ಲ, ಅವರು ಕೇಳಲಿಲ್ಲ, ಅವರಿಗೆ ಮಾತೇ ಇರಲಿಲ್ಲ ಎಂದು ಹೇಳಲು ತೆರೆದೆ. ಅತ್ತೆ ತಿರುಗಿ ನೋಡಿದರು. ಅವತ್ತು ಮೊದಲ ಗುಟುಕಿಗೆ ನೋಡಿದರಲ್ಲ, ಅದೇ ನೋಟ. ಆ ಬೆಳಿಗ್ಗೆಯೇ ಅವರಿಗೆ ಎಲ್ಲ ಗೊತ್ತಿತ್ತು ಅಕ್ಕಾ. ರುಚಿಯಿಂದಲೇ ಗೊತ್ತಾಗಿತ್ತು. ಉಗುಳಿದ್ದರೆ ನಾನು ಅಪರಾಧಿಯಾಗುತ್ತಿದ್ದೆ, ಅದಕ್ಕೇ ನನ್ನ ಮಣಿಕಟ್ಟು ಹಿಡಿದು ತಾವೇ ಕುಡಿದರು. ನಾನು ಕಳ್ಳ ಅತ್ತೆ ಎಂದು ಬರೆದು ನಕ್ಕೆ.

"ಜೀರುಂಡೆ, ಬಾಯ್ ಮುಚ್ಚು" ಎಂದರು.

ನಾನು ಮುಚ್ಚಿದೆ.

ನಾಲ್ಕು ತಿಂಗಳಿಂದ ಬೇರೇನೂ ಯೋಚಿಸಿಲ್ಲ. ಹುಟ್ಟಿದಾಗಿನಿಂದ ಒಂದು ಹೊತ್ತು ಸುಮ್ಮನಿದ್ದವಳಲ್ಲ ನಾನು. ಮಾತಾಡಲೇಬೇಕಾಗಿದ್ದ ಒಂದೇ ಒಂದು ಹೊತ್ತಿನಲ್ಲಿ ಸುಮ್ಮನಾದೆ. ಅವರು ಹೇಳಿದರೆಂದು ಸುಮ್ಮನಾದೆ ಎಂದು ಮೊದಲ ತಿಂಗಳು ನಂಬಿದ್ದೆ. ಅದಲ್ಲ. ಸಾಯಲು ಹೆದರಿ ಸುಮ್ಮನಾದೆ. ಮೆನೋನ್‌ನ ಕೆನ್ನೆಯ ಗುಳಿ ನೆನಪಾಯಿತು, ಬದುಕಬೇಕು ಎನ್ನಿಸಿತು.

ಸಂಜೆಯೊಳಗೆ ತೀರ್ಪಾಯಿತು, ಹೊತ್ತು ಮುಳುಗುವ ಮೊದಲೇ ವಿಷದ ಬಟ್ಟಲು ತಂದರು. ಸುದ್ದಿ ತಿಳಿದು ಮೆನೋನ್ ಆವಿಗೆಯಿಂದ ಮಣ್ಣುಗೈಯಲ್ಲೇ ಓಡಿಬಂದ. "ಅಮ್ಮಾ, ಒಂದು ದಿನ ಕಾಯ್ಬಾರ್ದಿತ್ತಾ?" ಎಂದು ಅವರ ಕಾಲು ಹಿಡಿದುಕೊಂಡ. "ಕಾದಿದ್ರೆ ನಿನ್ ಕುತ್ತಿಗೆ ಹೋಗ್ತಿತ್ತು ಕಣೋ. ಒಂದು ಮನೇಲಿ ಒಂದು ಸಾಕು" ಎಂದರು. ಬಟ್ಟಲು ಕೈಗೆ ತೆಗೆದುಕೊಂಡು ಒಳಗೆ ಇಣುಕಿ ನೋಡಿ ಅಧಿಕಾರಿಯನ್ನು ಕೇಳಿದರು, "ಇದಕ್ಕೆ ನೀರೆಷ್ಟು ಬೆರೆಸ್ಬೇಕು ಅಂತ ಕಾನೂನಿದ್ಯೇನಪ್ಪಾ?"

ಆ ಮನುಷ್ಯ ಅತ್ತುಬಿಟ್ಟ. ಅತ್ತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೆನೋನ್‌ನ ಇನ್ನೊಂದು ಗುಳಿ ಎಲ್ಲಿ ಎಂದು ಹುಡುಕುತ್ತಿದ್ದೆನಲ್ಲ, ಅವರ ಬಲಗೆನ್ನೆಯಲ್ಲಿತ್ತು.

ಅವರ ಸೊಂಟದ ಕೀಲಿಕೈಯನ್ನು ನನಗೆ ಕೊಟ್ಟರು. ಪೆಟ್ಟಿಗೆ ತೆಗೆಯಲು ಎರಡು ತಿಂಗಳು ಬೇಕಾಯಿತು. ಜೇನುಹುಳದ ಓಲೆಗಳು ಉಣ್ಣೆಯ ತುಣುಕಿನಲ್ಲಿ ಸುತ್ತಿದ್ದವು. ಅವುಗಳ ಕೆಳಗೆ ಒಂದು ಮಣ್ಣಿನ ಫಲಕ. ಮದುಮಗಳೊಬ್ಬಳು ಪೆಟ್ಟಿಗೆಯ ಮುಂದೆ ನಿಂತಿದ್ದಾಳೆ. ಬಾಯಿ ಅರ್ಧ ತೆರೆದಿದೆ, ಮಾತಾಡುತ್ತಿರುವ ಹಾಗೆ. ಕಿವಿಯಲ್ಲಿ ಜೇನುಹುಳದ ಓಲೆ, ಹಳದಿ ಬಣ್ಣ. ಅತ್ತೆಯೇ ಓಲೆಗಳನ್ನು ಗುಟ್ಟಾಗಿ ಆವಿಗೆಗೆ ಒಯ್ದು ಮೆನೋನ್‌ಗೆ ತೋರಿಸಿ, ಹೀಗೇ ಬರಬೇಕು ಎಂದು ಮಾಡಿಸಿದ್ದಂತೆ. ಕಾನೂನಿಗೆ ವಿರುದ್ಧ ಅಲ್ಲವೇ ಎಂದು ಇವನು ಕೇಳಿದ್ದಕ್ಕೆ, "ಮಣ್ಣಿಗೆ ಬಂಗಾರ ಹಾಕ್ಬಾರ್ದು ಅಂತ ಯಾವ ಕಾನೂನೂ ಇಲ್ಲ" ಎಂದಿದ್ದರಂತೆ. ನನಗೆ ವಸಂತದಲ್ಲಿ ಕೊಡಬೇಕೆಂದಿದ್ದರು.

ಮೆನೋನ್ ನನ್ನೊಡನೆ ಮಾತಾಡುತ್ತಾನೆ. ಒಳ್ಳೆಯದಾಗಿಯೇ ಮಾತಾಡುತ್ತಾನೆ. ಬೆಳಿಗ್ಗೆ ನಾನು ಅವನ ಕಿವಿ ಎಳೆಯುವುದಿಲ್ಲ.

ಫಿಲಿನ್ನಾ

*

ತಾರಾಸ್
ಕಡಲು ತೆರೆಯುವ ತಿಂಗಳು, ಕೃಷ್ಣ ಪಕ್ಷದ ಹತ್ತನೆಯ ದಿನ

ಫಿಲಿನ್ನಾ,

ಈ ಪತ್ರವನ್ನು ಆರು ಸಲ ಬರೆದು ಮೇಣ ಅಳಿಸಿದ್ದೇನೆ.

ನಾನು ಸುಳ್ಳು ಹೇಳಿದೆ. ನಿನ್ನ ಜ್ವರದ ಪತ್ರವನ್ನು ನನ್ನ ಕೈಯಾರೆ ನಿನ್ನ ಭಾವನಿಗೆ ಕೊಟ್ಟೆ, ಅತಿಥಿಗಳಿಗೆ ಓದಲಿ ಎಂದು. ಅವತ್ತಿನ ಅತಿಥಿ ಲೂಕೋನ್. ಲೋಕ್ರಿಯವನೆಂದು ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ನಿಮ್ಮೂರಿನವರಿಗೂ ತಿಳಿಯಲಿ ನನ್ನ ತಂಗಿ ಎಂಥವಳೆಂದು, ಎನ್ನಿಸಿತು.

ನಾನು ಚೆನ್ನಾಗಿದ್ದೇನೆ ಎಂದು ಪ್ರತಿ ಸಲ ಬರೆದೆ. ಅದೂ ಸುಳ್ಳು. ಮಕ್ಕಳಾಗದೆ ಏಳು ವರ್ಷವಾಯಿತು. ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವುದು ನಿನ್ನ ಪತ್ರ ಬಂದ ದಿನ ಮಾತ್ರ. "ಥೆಯಾನೋ, ತಂಗಿ ಏನ್ ಬರ್ದಿದ್ದಾಳೆ?" ಎಂದು. ಆ ಒಂದು ಕೂಗಿಗಾಗಿ ನಿನ್ನ ಮಾತುಗಳನ್ನು ಅವರ ಎಲೆಗೆ ಬಡಿಸಿದೆ. ಮದ್ಯವನ್ನು ಕಳಿಸಿದವಳೂ ನಾನೇ.

ನೀನು ಒಂದೇ ಸಾಲು ಕೇಳಿದ್ದೆ. ಆ ಒಂದು ಸಾಲನ್ನೂ ನಿಜ ಬರೆಯಲಾಗಲಿಲ್ಲ. ಇನ್ನು ನನಗೆ ಬರೆಯಬೇಡ. ಬರೆದರೂ ನನಗೆ ಓದುವ ಮುಖವಿಲ್ಲ.

ಥೆಯಾನೋ

*

ಲೋಕ್ರಿ
ಗೋಧಿ ಕೊಯ್ಲಿನ ತಿಂಗಳು, ಶುಕ್ಲ ಪಕ್ಷದ ಮೂರನೆಯ ದಿನ

ಅಕ್ಕಾ,

ನನಗೆ ಗೊತ್ತಿತ್ತು.

ಸಾಕ್ಷಿ ಹೇಳಲು ಬಂದವನು ಲೂಕೋನ್. ಕೆಟ್ಟವನಲ್ಲ. ದಡದಲ್ಲಿ ನನ್ನನ್ನು ಹೊಗಳಿ ಹೇಳಿದ್ದನ್ನು ಯಾರೋ ಕೇಳಿಸಿಕೊಂಡಿದ್ದರು. ಆಮೇಲೆ ಪ್ರಮಾಣ ಮಾಡಿಸಿ ಕೇಳಿದಾಗ ಬಚ್ಚಿಡಲಾರದೆ ಹೋದ. ಅಳುತ್ತಲೇ ಹೇಳಿದ, "ನಮ್ಮೂರಿನ ಬಿಸಿಲನ್ನೇ ಬಟ್ಟಲಿಗೆ ಸುರಿದು ತುಟಿಗೆ ಹಿಡಿದಳಂತೆ" ಎಂದು. ಆ ಮಾತನ್ನು ನಾನು ಇನ್ನಾರಿಗೂ ಹೇಳಿರಲಿಲ್ಲ. ನಿನಗೆ ಮಾತ್ರ ಬರೆದಿದ್ದೆ. ಅವನ ಬಾಯಿಂದ ಅದು ಬಂದಾಗ, ಯಾರಿಗೂ ತೋರಿಸಿಲ್ಲ ಎಂಬ ನಿನ್ನ ಹಲಗೆ ನನ್ನ ಸೊಂಟದ ಬಟ್ಟೆಯಲ್ಲೇ ಇತ್ತು.

ನಿಶ್ಚಿಂತೆಯಾಯಿತು ಎಂದು ಬರೆದದ್ದು ನನ್ನ ಸುಳ್ಳು. ನೀನಾಗಿ ಹೇಳುತ್ತೀಯೇನೋ ಎಂದು ಕಾದೆ. ಕಾಯುತ್ತಾ ನಿನ್ನ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. ತೋರಿಸಿದವಳು ನೀನು, ಬರೆದವಳು ನಾನು. ಯಾರಿಗಾದರೂ ಹೇಳಲೇಬೇಕು ಎಂಬ ತುರಿಕೆ ಇಬ್ಬರದೂ ಒಂದೇ.

ಲೂಕೋನ್ ಸಾಕ್ಷಿ ಹೇಳಿ ಹೋದ ಮೇಲೆ ಮೆನೋನ್ ಬಂದದ್ದು. ಬಾವಿಕಟ್ಟೆಯ ಮಾತಿನಿಂದಲೇ ಸುದ್ದಿ ಹರಡಿತು ಎಂದು ಇಂದಿಗೂ ನಂಬಿದ್ದಾನೆ. ಬಾವಿಕಟ್ಟೆಯನ್ನು ಅವನು ಕ್ಷಮಿಸಿದ್ದಾನೆ. ಅದನ್ನು ತಿದ್ದಬೇಡ. ನಿನ್ನನ್ನು ಕ್ಷಮಿಸಲು ಅವನಿಗೆ ಆಗುವುದಿಲ್ಲ, ಮತ್ತೆ ನನಗೆ ಅಕ್ಕ ಇರುವುದಿಲ್ಲ.

ಗುಡಿಯನ್ನು ನನಗೇ ಒಪ್ಪಿಸಿದ್ದಾರೆ. ಬೇಡ ಎಂದೆ. ಅಷ್ಟರಲ್ಲಿ ಅಂಗಳದಲ್ಲಿ ಆಲಿವ್ ಎಲೆ ಬಿದ್ದಿತ್ತು, ಗುಡಿಸಿದೆ. ಮರುದಿನವೂ ಬಿದ್ದಿತ್ತು. ಯಾರೂ ಇಲ್ಲದ ಬೆಳಗಿನಲ್ಲಿ ಆ ಮರದ ಗೊಂಬೆಯ ಮುಂದೆ ನಿಂತು, "ಅತ್ತೆ ಕೇಳ್ಲಿಲ್ಲ, ನಾನೇ ಕೊಟ್ಟೆ" ಎಂದು ಜೋರಾಗಿ ಹೇಳುತ್ತೇನೆ. ದಿನವೂ ಹೇಳುತ್ತೇನೆ. ಅವಳ ಮುಖ ನೋಡಿದರೆ ಹೊಸದೇನನ್ನೂ ಕೇಳಿದ ಹಾಗೆ ಕಾಣುವುದಿಲ್ಲ. ಸಭೆಯ ಮುಂದೆ ಹೋಗಿ ಅದನ್ನೇ ಹೇಳಿದರೆ ಅತ್ತೆ ದೇವಿಯ ಪಾದ ಮುಟ್ಟಿ ಹೇಳಿದ್ದು ಸುಳ್ಳೆಂದು ಊರಿಗೆ ತಿಳಿಯುತ್ತದೆ. ಆ ಕಾರಣಕ್ಕೆ ಹೇಳುತ್ತಿಲ್ಲ ಎಂದುಕೊಳ್ಳುತ್ತೇನೆ. ಹೆದರಿಕೆಯೂ ಇದೆ. ಎಷ್ಟು ಪಾಲು ಯಾವುದು ಎಂದು ಅಳೆಯಲು ಅತ್ತೆ ಇಲ್ಲ.

ಆಲಿವ್ ಬಡಿಯುವ ತಿಂಗಳು ಬಂದರೆ ಹೊಸ ಹಗ್ಗ ಹೊಸೆಯಬೇಕು. ಒರಟು ಎಳೆ ಒಂದೂ ಉಳಿಯದ ಹಾಗೆ ಹೊಸೆಯುತ್ತೇನೆ.

ನಮ್ಮ ಹೊಳೆಯ ದಡದಲ್ಲಿ ಜೀರುಂಡೆಗಳು ಶುರುವಾಗಿವೆ. ನಿನ್ನೆ ನೀರು ಸೇದುತ್ತಿದ್ದಾಗ ಒಬ್ಬ ಮುದುಕಿ ಹೇಳಿದಳು, ಅತ್ತೆ ನನ್ನ ಹಿಂದೆ ಏನು ಹೇಳುತ್ತಿದ್ದರೆಂದು. "ಮೂವತ್ತು ವರ್ಷ ನಮ್ ಮನೇಲಿ ಸದ್ದೇ ಇರ್ಲಿಲ್ಲ. ಈಗ ಬೇಸಿಗೆ ಬಂದ ಹಾಗಿದೆ."

ಬರೆಯಬೇಡ ಎಂದಿದ್ದೀಯ. ನಾನು ಬರೆಯುತ್ತೇನೆ. ನೀನೂ ಬರೆ, ನಿನ್ನ ಕೋಣೆಯ ಬಗ್ಗೆ, ಆ ಏಳು ವರ್ಷಗಳ ಬಗ್ಗೆ. ಯಾರಿಗೂ ಓದಿ ಹೇಳುವುದಿಲ್ಲ. ಇಲ್ಲಿ ಹೊಸದೇನು ಎಂದು ಮಾತ್ರ ಕೇಳಬೇಡ.

ಫಿಲಿನ್ನಾ